ಕೆಡ್ಡಸದ ಬಾವಿ

ಉದ್ಯೋಗ ಖಾತರಿ ಯೋಜನೆ ನಮ್ಮ ಊರಿಗೆ ಬಂದಾಗ ಊರಿನವರು ಅದನ್ನು ಒಂದು ಅವಮಾನವೆಂದೇ ತಿಳಿದರು. ಕಾಪುವಿನಿಂದ ಒಳಕ್ಕೆ, ಕಾರ್ಕಳದ ಕಡೆಗೆ ಹೋಗುವ ಬಸ್ಸು ಏದುಸಿರು ಬಿಡುತ್ತ ಹತ್ತುವ ಏರಿನ ಮೇಲೆ ನಮ್ಮ ಊರು. ಇಲ್ಲಿ ಕೆಲಸವಿಲ್ಲ ಎಂದು ಯಾರೂ ಹೇಳುವುದಿಲ್ಲ. ‘ಸದ್ಯ ಮನೆಯಲ್ಲೇ ಇದ್ದಾನೆ’ ಎನ್ನುತ್ತಾರೆ. ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆಯುವುದು ಉದ್ಯೋಗ. ದುಬಾಯಿಯಲ್ಲಿ ಸಿಮೆಂಟು ಹೊರುವುದು ದೊಡ್ಡ ಉದ್ಯೋಗ. ಸ್ವಂತ ಊರಿನ ತೋಡಿನ ಹೂಳು ತೆಗೆಯುವುದು, ಅದೂ ಕೆಲಸ ಕೊಡಿ ಎಂದು ಪಂಚಾಯತಿಯಲ್ಲಿ ಕೇಳಿಕೊಂಡು ತೆಗೆಯುವುದು ಮಾತ್ರ ಮಾನ ಹೋಗುವ ಸಂಗತಿ.

ಈ ಮಾನಹಾನಿಯನ್ನು ಜಾರಿಗೆ ತರುವ ಹೊಣೆ ನನ್ನದಾಗಿತ್ತು. ಮಣಿಪಾಲದ ಒಂದು ಕಚೇರಿಯಲ್ಲಿ ಜೀವಮಾನವೆಲ್ಲ ಗುಮಾಸ್ತಿಕೆ ಮಾಡಿ, ಇನ್ನು ಯಾರಿಗೂ ಉಪದ್ರ ಕೊಡಬಾರದೆಂದು ಮನೆಯಲ್ಲಿ ಕುಳಿತಿದ್ದವನನ್ನು ಎಬ್ಬಿಸಿ ಪಂಚಾಯತ್ ಸದಸ್ಯನನ್ನಾಗಿ ಮಾಡಿದ್ದರು. ಎದುರಿಗೆ ನಿಲ್ಲಲು ಯಾರೂ ಸಿಗದ ಕಾರಣ ನಾನು ಅವಿರೋಧವಾಗಿ ಆಯ್ಕೆಯಾದೆ. ಇದನ್ನು ನಾನು ಜನಪ್ರಿಯತೆ ಎಂದು ಕರೆಯುತ್ತೇನೆ.

ಮೊದಲ ಕೆಲಸಕ್ಕೆ ಬಂದವರು ಬೆರಳೆಣಿಕೆಯ ಜನ. ಗಂಡಸರು ತಲೆಗೆ ಬೈರಾಸು ಸುತ್ತಿ, ಅದರ ತುದಿಯನ್ನು ಮೂಗಿನ ತನಕ ಎಳೆದುಕೊಂಡು, ಬಸ್ಸಿನ ಸದ್ದು ಕೇಳಿದ ಕೂಡಲೇ ತೋಡಿನೊಳಗೆ ಕುಳಿತುಬಿಡುತ್ತಿದ್ದರು. ದೂರದಿಂದ ನೋಡಿದವರಿಗೆ ಇವರು ಹೂಳು ತೆಗೆಯಲು ಬಂದವರೋ, ಹೂಳಿನಲ್ಲಿ ಅಡಗಿ ಬಸ್ಸಿಗೆ ಹೊಂಚು ಹಾಕಿದವರೋ ಎಂಬ ಸಂಶಯ ಬರುವಂತಿತ್ತು.

“ಇದು ಘಟ್ಟದ ಮೇಲಿನವರ ಕೆಲಸ ಮಾರಾಯ್ರೆ, ನಮ್ಮವರದ್ದಲ್ಲ” ಎಂದು ನನಗೆ ಅಂಗಡಿ ಜಗಲಿಯಲ್ಲಿ ಬುದ್ಧಿ ಹೇಳಿದವರಿದ್ದರು. ಘಟ್ಟದ ಮೇಲಿನವರು, ಎಂದರೆ ಬಾಗಲಕೋಟೆ ಕೊಪ್ಪಳದ ಕಡೆಯಿಂದ ಬಂದು ನಮ್ಮ ರಸ್ತೆ, ಮೋರಿ, ಪಾಗಾರಗಳನ್ನೆಲ್ಲ ಕಟ್ಟಿಕೊಟ್ಟವರು, ಆ ಹೊತ್ತಿಗೆ ನಂದಿಕೂರಿನ ಕಡೆ ಏಳುತ್ತಿದ್ದ ದೊಡ್ಡ ಕಾಮಗಾರಿಗೆ ಹೋಗಿದ್ದರು. ನಮ್ಮ ಮರ್ಯಾದೆಯ ಭಾರ ಹೊರಲು ಊರಿನಲ್ಲಿ ನಾವೇ ಉಳಿದಿದ್ದೆವು.

ನಾಚಿಕೆಯನ್ನು ಮೊದಲು ಬಿಟ್ಟವರು ಬೀಡಿ ಕಟ್ಟುವ ಹೆಂಗಸರು. ಬೀಡಿಯ ಬ್ರಾಂಚಿನಲ್ಲಿ ಎಲೆ, ತಂಬಾಕು ಕೊಡುವುದು ವಾರಕ್ಕೆ ಎರಡು ದಿನಕ್ಕೆ ಇಳಿದಿತ್ತು. ಅದರ ಮೇಲೆ, ಖಾತರಿ ಕೆಲಸದಲ್ಲಿ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ, ಅದೂ ಅವರವರ ಹೆಸರಿನ ಬ್ಯಾಂಕ್ ಖಾತೆಗೆ ಎಂಬ ಸುದ್ದಿ ಹಬ್ಬಿತು. ಗಂಡಸರು ಇದನ್ನು ಪ್ರಳಯದ ಸೂಚನೆ ಎಂದರು. ಹೆಂಗಸರು ಏನೂ ಹೇಳದೆ ಹಾರೆ ಹಿಡಿದುಕೊಂಡು ಬಂದರು.

ಅವರಲ್ಲಿ ಒಬ್ಬಳು ಗುಡ್ಡೆಯ ಮೇಲಿನ ಮನೆಯವಳು. ವಯಸ್ಸು ನಲವತ್ತರ ಆಸುಪಾಸು. ಗಂಡ ತೆಂಗಿನ ಮರದಿಂದ ಬಿದ್ದು ಸೊಂಟ ಕೆಡಿಸಿಕೊಂಡು ಜಗಲಿ ಹಿಡಿದಿದ್ದ. ಮಗಳು ಕಾರ್ಕಳದ ಕಾಲೇಜಿಗೆ ಹೋಗುತ್ತಿದ್ದಳು. ಈ ವರ್ಷ ಬಿಡಿಸುವುದೋ ಮುಂದಿನ ವರ್ಷವೋ ಎಂಬುದೊಂದೇ ಚರ್ಚೆ. ಮತ್ತೆ ಅತ್ತೆ, ಎಂಬತ್ತರ ಹತ್ತಿರದ ಅಜ್ಜಿ. ಕಿವಿ ಮಂದ, ನಾಲಗೆ ಚುರುಕು. ಆ ಮನೆಗೆ ಇದ್ದದ್ದು ಒಂದು ತುಂಡು ಗುಡ್ಡೆ. ನೀರು ಇರಲಿಲ್ಲ. ಇಳಿಜಾರಿನ ಕೆಳಗೆ ಕೊಂಕಣಿ ಕ್ರೈಸ್ತರ ಮನೆಯೊಂದಿತ್ತು. ಗಂಡ ಗಲ್ಫಿನಲ್ಲಿ, ಹೆಂಡತಿ ತೋಟದಲ್ಲಿ. ಊರಿಗೆಲ್ಲ ಆಕೆ ‘ಬಾಯಿ’. ಬಾಯಿಯ ಬಾವಿಯಿಂದಲೇ ಗುಡ್ಡೆಯ ಮನೆಗೆ ನೀರು ಬರಬೇಕು, ತಲೆಯ ಮೇಲೆ, ಸೊಂಟದ ಮೇಲೆ.

ಬಾಯಿ ನೀರಿಗೆ ಎಂದೂ ಬೇಡ ಎಂದವಳಲ್ಲ. ಕೊಡಪಾನ ಬಾವಿಗೆ ಇಳಿಯುವಾಗ ಒಂದು ಮಾತು ಮಾತ್ರ ತಪ್ಪುತ್ತಿರಲಿಲ್ಲ.

“ನಮ್ಮ ನೀರು ಸಿಹಿ ಅಲ್ವಾ? ಈ ಊರಿನಲ್ಲಿ ಇಂಥ ನೀರು ಬೇರೆ ಎಲ್ಲಿ ಉಂಟು ಹೇಳು?”

“ಎಲ್ಲಿಯೂ ಇಲ್ಲ ಬಾಯಿ.”

ದಿನಕ್ಕೆ ಎಷ್ಟು ಸಲ ಇಳಿದರೂ ಅಷ್ಟು ಸಲ ಈ ಪ್ರಮಾಣವಚನ ನಡೆಯಬೇಕು. ಏಪ್ರಿಲ್ ಕಳೆಯಿತೆಂದರೆ ಬಾಯಿಯ ಬಾವಿಯೂ ತಳ ಕಾಣುತ್ತಿತ್ತು. ಆಗ ಬಾಯಿಗೆ ತನ್ನ ಬಾಳೆಗಿಡಗಳ ಚಿಂತೆ, ಇವಳಿಗೆ ಅನ್ನದ ಪಾತ್ರೆಯ ಚಿಂತೆ. ಇಬ್ಬರೂ ನಗುತ್ತಲೇ ಮಾತಾಡುತ್ತಿದ್ದರು. ಆದರೂ ಹಗ್ಗ ಎಳೆಯುವ ಸದ್ದಿಗೆ ಬಾಯಿಯ ಅಡುಗೆಮನೆಯ ಕಿಟಕಿ ತೆರೆದುಕೊಳ್ಳುವುದು ನನಗೇ ಕೇಳಿಸಿದ್ದಿದೆ.

ಖಾತರಿಯಲ್ಲಿ ಬಡವರ ಜಾಗದಲ್ಲಿ ಬಾವಿ ತೋಡಬಹುದು ಎಂದು ತಿಳಿದ ದಿನ ಇವಳು ಪಂಚಾಯತಿಗೆ ಬಂದು ನನ್ನ ಮುಂದೆ ನಿಂತಳು.

“ಮೆಂಬರ್ರೆ, ಕೂಲಿಯೂ ಕೊಡ್ತಾರೆ, ಬಾವಿಯೂ ನಮಗೇ ಅಂತ ಹೇಳಿದರೆ ಅದರಲ್ಲಿ ಎಂತದೋ ಮೋಸ ಉಂಟಲ್ವಾ?”

“ಇಲ್ಲ. ನೀನೂ ತೋಡಬೇಕು, ಅಷ್ಟೇ ಮೋಸ.”

“ಹಾಗಾದರೆ ಬರೆಯಿರಿ.”

(ನಾವು ಆಡಿದ್ದೆಲ್ಲ ತುಳುವಿನಲ್ಲಿ. ಪಂಚಾಯತಿಯ ಪದ್ಧತಿಯಂತೆ ಕನ್ನಡಕ್ಕೆ ಇಳಿಸಿದ್ದೇನೆ.)

ಬಾವಿ ಮಂಜೂರಾಯಿತು. ಸುಗ್ಗಿಯ ಗದ್ದೆ ಕೆಲಸ ಮುಗಿಸಿ ಬಂದವರು, ಬೀಡಿ ಕಟ್ಟುವ ಮೊರವನ್ನು ಅಟ್ಟದ ಮೇಲಿಟ್ಟು ಬಂದವರು, ಹೀಗೆ ಏಳೆಂಟು ಹೆಂಗಸರು ಸೇರಿದರು. ಮುಖ್ಯ ತೋಡುವವನು ಅರುವತ್ತು ದಾಟಿದ ಒಬ್ಬ. ಸುತ್ತಿನ ಊರುಗಳ ಅರ್ಧ ಬಾವಿಗಳು ಅವನು ತೋಡಿದವೇ; ಹೆಂಗಸರು ಅವನನ್ನು ಬಾವಿಯಣ್ಣ ಎಂದು ಕರೆಯುತ್ತಿದ್ದರು. ಬುಟ್ಟಿ ಹೊರುವವರಿಗೂ ತನಗೂ ಒಂದೇ ಕೂಲಿ ಎಂಬುದನ್ನು ಅವನು ಕೊನೆಯವರೆಗೂ ಒಪ್ಪಲಿಲ್ಲ. ಪ್ರತಿಭಟನೆಯ ಸಲುವಾಗಿ ಮಧ್ಯಾಹ್ನದ ಊಟವಾದ ಮೇಲೆ ಎಲ್ಲರಿಗಿಂತ ಹೆಚ್ಚು ಹೊತ್ತು ಮಲಗುತ್ತಿದ್ದ.

ನಮ್ಮ ಗುಡ್ಡೆಗಳ ಸ್ವಭಾವ ಸ್ವಲ್ಪ ಹೇಳಬೇಕು. ಮೇಲೆ ಮುರಕಲ್ಲು. ಕೆಂಪು, ಗಟ್ಟಿ; ಪಿಕ್ಕಾಸು ಹೊಡೆದರೆ ಕಿಡಿ ಹಾರುತ್ತದೆ, ಆದರೆ ಒಮ್ಮೆ ಕಡಿದರೆ ಗೋಡೆಯ ಹಾಗೆ ನಿಲ್ಲುತ್ತದೆ. ಅದರ ಕೆಳಗೆ ಶೇಡಿ ಮಣ್ಣು. ಬಿಳಿ, ನಯ, ಕಡಿಯಲು ಬೆಣ್ಣೆ. ಒಣಗಿರುವ ತನಕ ಸಾಧು. ಒಳಗೆ ಒರತೆ ಸುರುವಾಯಿತೋ, ಉಬ್ಬಿ, ಬಿರಿದು, ಮೇಲಿನ ಮುರಕಲ್ಲನ್ನೂ ಎಳೆದುಕೊಂಡು ಕುಸಿಯುತ್ತದೆ. ಹಾಗಾಗಿ ಶೇಡಿಯಲ್ಲಿ ನಿಧಾನ ಸಲ್ಲದು. ತಳದ ಗಟ್ಟಿ ನೆಲ ಸಿಗುವವರೆಗೆ ಬೇಗ ಬೇಗ ತೋಡಿ, ಕೂಡಲೇ ಕಲ್ಲಿನ ಸುತ್ತು ಕಟ್ಟಿಕೊಂಡು ಮೇಲೆ ಬರಬೇಕು.

ಶೇಡಿ ಸಿಕ್ಕಿತು. ಮಧ್ಯೆ ಎರಡು ಮದುವೆ, ಒಂದು ಭೂತದ ನೇಮೋತ್ಸವ ಬಂದು ಹೆಂಗಸರು ಅಷ್ಟು ದಿನ ತಪ್ಪಿಸಿದರು. ನೇಮ ತಪ್ಪಿಸಿ ಬಾವಿಗೆ ಬನ್ನಿ ಎನ್ನುವ ಧೈರ್ಯ ಯಾವ ಸದಸ್ಯನಿಗೂ ಇಲ್ಲ. ಮುಂದಿನ ಚುನಾವಣೆಗೆ ಭೂತವೂ ಮತ ಹಾಕುತ್ತದೆ ಎಂಬಷ್ಟು ನಂಬಿಕೆ ನಮ್ಮಲ್ಲಿದೆ. ಮತ್ತೆ ತೋಡಲು ಇಳಿದ ದಿನ ಸಂಜೆ ಬಾವಿಯಣ್ಣ ಗೋಡೆಗೆ ಕೈಯಿಟ್ಟು ನೋಡಿದ. ಕೈ ಒದ್ದೆಯಾಯಿತು. ಹೆಂಗಸರು ಮೇಲಿಂದಲೇ ಕೂಗು ಹಾಕಿದರು. ಗುಡ್ಡೆಯ ಮನೆಯವಳು ಇಳಿದು ಹೋಗಿ, ತಾನೂ ಗೋಡೆ ಮುಟ್ಟಿ, ಒದ್ದೆ ಕೈಯಿಂದ ಮುಖ ಒರೆಸಿಕೊಂಡು ಬಂದಳು. ಬಾವಿಯಣ್ಣ ಮಾತ್ರ ನಗಲಿಲ್ಲ.

“ಸುತ್ತು ಕಟ್ಟುವ ಮೊದಲು ಇನ್ನೂ ಮೂರು ನಾಲ್ಕು ದಿನದ ತೋಡುವ ಕೆಲಸ ಉಂಟು. ನಾಳೆ ಎಂತ ಗೊತ್ತುಂಟಾ?”

ಎಲ್ಲರಿಗೂ ಗೊತ್ತಿತ್ತು, ಯಾರಿಗೂ ನೆನಪಾಗಿರಲಿಲ್ಲ. ಮರುದಿನದಿಂದ ಕೆಡ್ಡಸ.

ಮಕರ ಮಾಸ ಮುಗಿಯುವ ಹೊತ್ತಿಗೆ ತುಳುನಾಡಿನಲ್ಲಿ ಭೂಮಿ ಮೂರು ದಿನ ಮುಟ್ಟಾಗುತ್ತಾಳೆ. ಆ ಮೂರು ದಿನ ನೆಲ ಅಗೆಯಬಾರದು, ಉಳಬಾರದು, ನೆಲಕ್ಕೆ ಕಬ್ಬಿಣ ತಾಗಿಸಬಾರದು. ಕೊನೆಯ ದಿನ ಮನೆಯ ಹೆಂಗಸರು ಅಂಗಳದಲ್ಲಿ ಎಣ್ಣೆ, ಅರಸಿನ, ಸೀಗೆ ಇಟ್ಟು ಅವಳಿಗೆ ಮೀಯಿಸುತ್ತಾರೆ. ಇದು ಸರ್ಕಾರಿ ಕ್ಯಾಲೆಂಡರಿನಲ್ಲಿ ಇಲ್ಲ. ಆ ಕ್ಯಾಲೆಂಡರು ನೋಡಿ ಕೆಲಸದ ದಿನ ಹಾಕಿದವರು ನಾವೆಲ್ಲ ಸೇರಿ, ಚಾ ಕುಡಿಯುತ್ತ, ಬಹಳ ಗಂಭೀರವಾಗಿ. ಕೆಡ್ಡಸವನ್ನು ಯಾರೂ ಹೇಳಲಿಲ್ಲ. ಸೂರ್ಯ ಹುಟ್ಟುತ್ತಾನೆ ಎಂದು ಸಭೆಯಲ್ಲಿ ಯಾರು ಹೇಳುತ್ತಾರೆ?

ಮರುದಿನ ಬೆಳಿಗ್ಗೆ ಬಾವಿಯ ದಂಡೆಯಲ್ಲಿ ಎಲ್ಲರೂ ಸೇರಿದ್ದೇನೋ ಹೌದು. ಹಾರೆ, ಪಿಕ್ಕಾಸುಗಳೆಲ್ಲ ಮಾತ್ರ ಮನೆಯ ಗೋಡೆಗೆ ಒರಗಿ ರಜೆಯಲ್ಲಿದ್ದವು. ಬಗ್ಗಿ ನೋಡಿದರೆ ತಳದಲ್ಲಿ ಬಿಳಿ ನೀರು ಪಾದ ಮುಳುಗುವಷ್ಟು ನಿಂತಿತ್ತು. ಪೂರ್ವದ ಗೋಡೆಯಲ್ಲಿ ಕೂದಲೆಳೆಯಂಥ ಒಂದು ಬಿರುಕು.

ಅದೇ ಹೊತ್ತಿಗೆ ಬೈಕಿನಲ್ಲಿ ಇಂಜಿನಿಯರರು ಬಂದರು. ವಿಜಾಪುರದ ಕಡೆಯ ಹುಡುಗ, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಸುಮ್ಮನೆ ನಿಂತ ನಮ್ಮನ್ನು ನೋಡಿ ಅವರ ಮುಖ ಸಣ್ಣದಾಯಿತು.

“ಏನ್ರಿ ಮೆಂಬರ್ ಸಾಹೇಬ್ರ, ಎಲ್ಲಾರೂ ಹಿಂಗ ನಿಂತ್ರ ಹೆಂಗ್ರಿ? ನಾಳೆ ಮಣಿಪಾಲದಿಂದ ದೊಡ್ಡ ಸಾಹೇಬ್ರು ಬರೋರು ಅದಾರ. ಕೆಲಸ ನಡದಿಲ್ಲ ಅಂದ್ರ ಆ ಕಾಮಗಾರಿ ಅಲ್ಲೇ ಮುಚ್ಚಿಬಿಡ್ತಾರ. ಮಾರ್ಚ್ ಹತ್ರ ಬಂತು ನೋಡ್ರಿ.”

“ಭೂಮಿ ಮುಟ್ಟಾಗಿದ್ದಾಳೆ” ಎಂದೆ ನಾನು. ಇಂಥ ವಾಕ್ಯವನ್ನು ಇಲಾಖೆಯವರ ಮುಂದೆ ಎಷ್ಟು ಘನತೆಯಿಂದ ಹೇಳಬಹುದೋ ಅಷ್ಟು ಘನತೆಯಿಂದ.

ಇಂಜಿನಿಯರರು ನಗುತ್ತಾರೆಂದು ಕಾದೆ. ನಗಲಿಲ್ಲ. ಹೆಲ್ಮೆಟ್ ತೆಗೆದು ಬೈಕಿನ ಮೇಲಿಟ್ಟರು.

“ನಮ್ಮ ಕಡೆ ಸೀಗಿ ಹುಣ್ಣಿವಿಗೆ ಆಕಿ ಬಸುರಿ ಇರ್ತಾಳ್ರಿ. ನಮ್ಮವ್ವ ಹೊಲಕ್ಕ ಅಡಗಿ ಒಯ್ದು ಚರಗ ಚೆಲ್ಲಿ ಬರ್ತಾಳ.” ಬಾವಿಯೊಳಗೆ ಬಗ್ಗಿ ನೋಡಿ, “ಆದ್ರ ಇದನ್ನ ಸಾಹೇಬ್ರಿಗೆ ಹೆಂಗ ಹೇಳೂದ್ರಿ?” ಎಂದರು.

ಒಬ್ಬಳು ಹೆಂಗಸು ಮೆಲ್ಲಗೆ, “ನಂದಿಕೂರಿನಿಂದ ಘಟ್ಟದವರನ್ನು ಕರೆಸಿದರೆ? ಅವರಿಗೆ ಕೆಡ್ಡಸ ಇಲ್ವಲ್ಲ” ಎಂದಳು.

“ಅವರಿಗೆ ಇಲ್ಲ. ಭೂಮಿಗೆ ಉಂಟಲ್ಲ!” ಜಗಲಿಯಿಂದ ಅಜ್ಜಿಯ ದನಿ. ಕಿವಿ ಮಂದವಾದವರಿಗೆ ಕೆಲವು ಮಾತು ಹೇಗೋ ಕೇಳುತ್ತದೆ. ಇಂಜಿನಿಯರರು ಅಜ್ಜಿಯ ಕಡೆಗೆ ತಲೆಯಾಡಿಸಿ, ಈ ಊರಿನ ಉದ್ಯೋಗ ಕಾರ್ಡ್ ಇಲ್ಲದವರನ್ನು ಕೆಲಸಕ್ಕೆ ಹಚ್ಚಲು ನಿಯಮವೂ ಇಲ್ಲವೆಂದರು. ಹೀಗೆ ಆ ಬೆಳಿಗ್ಗೆ ಸಂಪ್ರದಾಯವೂ ಸರ್ಕಾರವೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದವು. ನಾನು ಕಂಡಂತೆ ಅದೊಂದೇ ಸಲ.

ಬಾವಿಯಣ್ಣನ ಲೆಕ್ಕ ಬೇರೆ. “ಮೂರು ದಿನ ಹೀಗೇ ಇರಲಿ. ದೇವರು ಕಾಪಾಡಿದರೆ ನಾಲ್ಕನೆಯ ದಿನ ತೋಡುವ.”

“ಕಾಪಾಡದಿದ್ದರೆ?” ಗುಡ್ಡೆಯ ಮನೆಯವಳು ಕೇಳಿದಳು.

“ಕಾಪಾಡದಿದ್ದರೆ ಬಾವಿ ಇಲ್ಲ.”

ಅದರ ಅರ್ಥ ಎಲ್ಲರಿಗೂ ತಿಳಿದಿತ್ತು. ಸರ್ಕಾರ ಒಂದು ಮನೆಗೆ ಎರಡು ಸಲ ಬಾವಿ ಕೊಡುವುದಿಲ್ಲ. ಕುಸಿದರೆ ಬಾಗಿಲ ಮುಂದೆ ಒಂದು ಗುಂಡಿ, ಮತ್ತೆ ಜೀವ ಇರುವ ತನಕ ಬಾಯಿಯ ಬಾವಿಯ ಹಗ್ಗ.

ಅವಳು ಸ್ವಲ್ಪ ಹೊತ್ತು ಬಿರುಕನ್ನೇ ನೋಡಿದಳು. ಅಂಗಳದ ತುದಿಯಲ್ಲಿ ಸುತ್ತು ಕಟ್ಟಲು ತಂದಿಟ್ಟ ಮುರಕಲ್ಲುಗಳ ರಾಶಿಯಿತ್ತು.

“ಅಗೆಯಬಾರದು. ಕಟ್ಟಬಾರದು ಅಂತ ಉಂಟಾ ಅತ್ತೆ?”

ಅಜ್ಜಿ ಯೋಚಿಸಿದರು. ಮೂರು ತಲೆಮಾರಿನ ಕೆಡ್ಡಸಗಳಲ್ಲಿ ಈ ಪ್ರಶ್ನೆ ಅವರ ಮುಂದೆ ಬಂದಂತಿರಲಿಲ್ಲ. “ಕಟ್ಟಿ” ಎಂದರು ಕೊನೆಗೆ. “ಕಬ್ಬಿಣ ತಾಗಬಾರದು. ನೀರು ಎತ್ತಿ ಹಾಕಿ. ನೀರು ಎತ್ತುವುದಕ್ಕೆ ಯಾರು ಬೇಡ ಹೇಳಿದ್ದು?”

“ಇಲ್ಲಿಂದಲೇ ಸುತ್ತು ಎಬ್ಬಿಸಿದರೆ ಮತ್ತೆ ಕೆಳಗೆ ಅಗಲಕ್ಕೆ ತೋಡಲಿಕ್ಕೆ ಆಗುವುದಿಲ್ಲ” ಬಾವಿಯಣ್ಣ ಗೊಣಗಿದ. “ನಡುವಿನಲ್ಲಿ ಸಪೂರಕ್ಕೆ ಇಳಿಯಬೇಕು. ಬಾವಿಯಾ ಅದು? ಬರೀ ಸಣ್ಣ ಗುಂಡಿ, ಉಗ್ಗ.”

“ಉಗ್ಗದಲ್ಲಿ ನೀರು ಇದ್ದರೆ ಸಾಕು ಅಣ್ಣ.”

ಕಲ್ಲು, ನೀರು, ಎರಡೂ ಕೆಲಸವೇ ಎಂದು ಇಂಜಿನಿಯರರು ಹಾಜರಿ ಹಾಕಿಕೊಂಡರು. ಹೊರಡುವಾಗ ನನ್ನ ಹತ್ತಿರ ಬಂದು, “ಒಳಗ ಇಬ್ರಿಗಿಂತ ಹೆಚ್ಚು ಇಳಿಸಬ್ಯಾಡ್ರಿ, ಸೊಂಟಕ್ಕ ಹಗ್ಗ ಇರ್ಲಿ” ಎಂದು ಎರಡೆರಡು ಸಲ ಹೇಳಿದರು.

ಆ ಇಡೀ ದಿನ ಕೊಡಪಾನದಲ್ಲಿ ನೀರು ಮೇಲೆ, ಹಗ್ಗದಲ್ಲಿ ಕಲ್ಲು ಕೆಳಗೆ. ಕಲ್ಲಿನ ಅಂಚು ಕೆತ್ತಲು ಕೊಡಲಿ ಎತ್ತಬೇಕು. ಕಲ್ಲೂ ಭೂಮಿಯ ತುಂಡೇ ತಾನೆ ಎಂದು ಹೆಂಗಸರಲ್ಲೇ ಒಂದು ವಾದ ಎದ್ದಿತು. ಕೆತ್ತುವುದು ಬೇಡವೆಂದು ತೀರ್ಮಾನವಾಗಿ, ಕಲ್ಲುಗಳನ್ನು ಬಂದ ಹಾಗೆಯೇ ಕೂರಿಸಿದರು. ಕೆಲವು ಹೊಟ್ಟೆ ಮುಂದೆ ಮಾಡಿ, ಕೆಲವು ಹಿಂದೆ ಸರಿದು ನಿಂತವು. ಸಭೆಯಲ್ಲಿ ಕುಳಿತ ನಮ್ಮ ಸದಸ್ಯರ ಹಾಗೆ.

ಪಶ್ಚಿಮದ ಅರ್ಧ ಸುತ್ತು ಎದೆಯೆತ್ತರಕ್ಕೆ ಬಂತು. ಪೂರ್ವದ ಬಿರುಕು ಸಂಜೆಯ ಹೊತ್ತಿಗೆ ಬೆರಳು ಹೋಗುವಷ್ಟಾಯಿತು.

ಆ ಬಿರುಕಿಗೆ ಆಧಾರ ಕೊಡಲು ಹಲಗೆ ಬೇಕಿತ್ತು. ಊರಿನಲ್ಲಿ ಕೇಳಿದಲ್ಲೆಲ್ಲ ನಾಳೆ ನೋಡುವ ಎಂದರು. ಕೊನೆಗೆ ಬಾಯಿ, ಯಾರೂ ಕೇಳದೆ, ತನ್ನ ಹಳೆಯ ದನದ ಹಟ್ಟಿಯ ಎರಡು ಹಲಸಿನ ಬಾಗಿಲುಗಳನ್ನು ಕಳಚಿ ಆಳಿನ ತಲೆಯ ಮೇಲೆ ಹೊರಿಸಿಕೊಂಡು ಗುಡ್ಡೆ ಹತ್ತಿ ಬಂದಳು.

“ವಾಪಸ್ ಕೊಡಬೇಕು, ಆಯ್ತಾ? ನಮ್ಮ ಮಾವನ ಕಾಲದ್ದು.”

“ಕೊಡ್ತೇವೆ ಬಾಯಿ.”

“ನಿಮ್ಮ ಬಾವಿ ಆದರೆ ನನ್ನ ಬಾವಿಗೆ ಯಾರು ಬರ್ತಾರೆ ಮತ್ತೆ?” ಎಂದು ನಕ್ಕಳು. ಪೂರಾ ನಗು ಅಲ್ಲ ಅದು.

ಎರಡನೆಯ ದಿನ ಬೆಳಿಗ್ಗೆ ಬಾಗಿಲುಗಳನ್ನು ಒಳಗಿಳಿಸಿ, ತೆಂಗಿನ ತುಂಡು ಅಡ್ಡ ಕೊಟ್ಟು ಬಿರುಕಿನ ಮೇಲೆ ಒರಗಿಸಿದರು. ಒಳಗೆ ಬಾವಿಯಣ್ಣ ಮತ್ತು ಅವಳು. ನಾನು ದಂಡೆಯಲ್ಲಿ, ರಾಟೆಯ ಪಕ್ಕ, ಮೇಲ್ವಿಚಾರಣೆ ಎಂಬ ಕೆಲಸದಲ್ಲಿ. ಮಣಿಪಾಲದ ಜೀಪು ಯಾವ ಹೊತ್ತಿಗೂ ಬರಬಹುದೆಂದು ಕಿವಿ ರಸ್ತೆಯ ಕಡೆಗಿತ್ತು. ಆದ್ದರಿಂದ ಆ ಸದ್ದು ನನಗೆ ಕೊನೆಗೆ ಕೇಳಿಸಿತು. ನೆನೆದ ಕಂಬಳಿಯನ್ನು ಕಲ್ಲಿಗೆ ಬಡಿದಂಥ ಸದ್ದು. ಹೆಂಗಸರು ಕಿರಿಚಿದರು. ಬಗ್ಗಿದೆ. ಬಾಗಿಲಿನ ಮೇಲಿನಿಂದ ಶೇಡಿಯ ಒಂದು ಪದರ ಪೂರ್ತಿ ಜಾರಿ ಬಿದ್ದಿತ್ತು. ಬಾವಿಯಣ್ಣ ಸುತ್ತಿನ ಮೇಲೆ ಹಾರಿ ನಿಂತಿದ್ದ. ಅವಳು ಸೊಂಟದ ತನಕ ಮಣ್ಣಿನಲ್ಲಿದ್ದಳು. ಬಾಗಿಲುಗಳು ಇಲ್ಲದಿದ್ದರೆ ತಲೆಯ ತನಕ ಇರುತ್ತಿದ್ದಳು.

ಹಗ್ಗ ಎಳೆದರು. ಶೇಡಿ ಬಿಡಲಿಲ್ಲ. ಎಳೆದಷ್ಟೂ ಅವಳು ನೋವಿನಿಂದ ಹಲ್ಲು ಕಚ್ಚಿದಳೇ ಹೊರತು ಒಂದು ಅಂಗುಲ ಮೇಲೆ ಬರಲಿಲ್ಲ. ಅವಳ ಬುಡದಲ್ಲಿ ಬಿಳಿ ನೀರು ಏರುತ್ತಿತ್ತು. ಬಾಗಿಲುಗಳು ಕಿರ್ ಎನ್ನುತ್ತಿದ್ದವು.

ನನ್ನ ಬೆನ್ನ ಹಿಂದೆ ಏನೋ ನೆಲಕ್ಕೆ ಎಳೆದ ಸದ್ದು. ತಿರುಗಿದರೆ ಅಜ್ಜಿ. ಜಗಲಿಯಿಂದ ಒಬ್ಬರೇ ಇಳಿದು, ಗೋಡೆಗೆ ಒರಗಿದ್ದ ಹಾರೆಯನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಬರುತ್ತಿದ್ದರು. ಅದರ ಅಲಗು ಅಂಗಳವನ್ನು ಉದ್ದಕ್ಕೂ ಗೀರಿತ್ತು.

“ಇಕೊ ಹಾರೆ! ಇಳಿಸಿ! ಅಗೆದು ತೆಗೆಯಿರಿ ಅವಳನ್ನು!”

“ಅಜ್ಜಿ, ಕೆಡ್ಡಸ...” ಒಬ್ಬಳೆಂದಳು.

“ಕೆಡ್ಡಸ ನನ್ನ ತಲೆಯ ಮೇಲೆ ಇರಲಿ! ಭೂಮಿಯೂ ಹೆಣ್ಣಲ್ವಾ, ಅವಳಿಗೆ ಗೊತ್ತಾಗುವುದಿಲ್ವಾ? ಇಳಿಸಿ ಅಂತ ಹೇಳಿದೆ!”

ಹಾರೆ ಹಗ್ಗಕ್ಕೆ ಕಟ್ಟಿ ಆಗಿತ್ತು. ಆಗ ಕೆಳಗಿನಿಂದ ಕೂಗು ಬಂತು.

“ಹಾರೆ ಬೇಡ! ಅತ್ತೆ, ಹಾರೆ ಬೇಡ! ನನ್ನ ಕಾಲು ಉಂಟು ಅಲ್ಲಿ ಒಳಗೆ!”

ಆ ಕ್ಷಣದಲ್ಲಿ ಯಾರಿಗೂ ನಗು ಬರಲಿಲ್ಲ. ಹಾರೆ ಇಳಿಯಲಿಲ್ಲ. ಬಾವಿಯಣ್ಣ ಕೈಯಿಂದ ಬಗೆಯತೊಡಗಿದ. ಮೇಲಿಂದ ಯಾರೋ ಗೆರಟೆ ಎಸೆದರು. ತೆಂಗಿನ ಗೆರಟೆಗೆ ನಮ್ಮ ಮನೆಗಳಲ್ಲಿ ಬರಗಾಲವಿಲ್ಲ. ಇಬ್ಬರೇ ಇಳಿಯಬೇಕೆಂಬ ಇಂಜಿನಿಯರರ ಮಾತನ್ನು ಮುರಿದು ಮತ್ತಿಬ್ಬರು ಹೆಂಗಸರು ಸುತ್ತಿನ ಕಲ್ಲಿನ ಮೇಲೆ ಇಳಿದರು. ಗೆರಟೆಯಿಂದ ಬಗೆದು ಬುಟ್ಟಿಗೆ, ಬುಟ್ಟಿ ಮೇಲಕ್ಕೆ. ಅಜ್ಜಿ ದಂಡೆಯಲ್ಲಿ ಕುಳಿತು ಸೊಸೆಯ ತಲೆಯನ್ನೇ ನೋಡುತ್ತಿದ್ದರು. ತೊಡೆ ಕಾಣಿಸಿತು. ಮೊಣಕಾಲು. ಒಂದು ಕಾಲು ಬಂತು. ಇನ್ನೊಂದನ್ನು ಅವಳೇ ಎರಡು ಕೈಯಿಂದ ಹಿಡಿದು, ಗದ್ದೆಯಿಂದ ಭತ್ತದ ನೇಜಿ ಕಿತ್ತ ಹಾಗೆ ಕಿತ್ತುಕೊಂಡಳು.

ಮೇಲೆ ಬಂದವಳು ತಲೆಯಿಂದ ಕಾಲಿನ ತನಕ ಬಿಳಿ. ಕಾಲು ಮುರಿದಿರಲಿಲ್ಲ, ಪಾದ ಬಾತಿತ್ತು. ಅಜ್ಜಿ ಅವಳ ಕೆನ್ನೆಯ ಶೇಡಿಯನ್ನು ಸೆರಗಿನಿಂದ ಒರೆಸಿ, “ಸೀರೆ ಹಾಳು ಮಾಡಿಕೊಂಡೆ” ಎಂದರು.

ನಾನು ಕೆಲಸ ನಿಲ್ಲಿಸಿ ಎಂದೆ. ಬಾವಿಯಣ್ಣ ಕೆಳಗಿನಿಂದಲೇ ತಲೆಯಾಡಿಸಿದ. ಬೀಳುವುದು ಬಿದ್ದಾಯಿತು, ಹಿಂದಿನ ಗೋಡೆ ಈಗ ಒಣ, ಬಾಗಿಲು ಗಟ್ಟಿಯಾಗಿ ಕುಳಿತಿದೆ. ಇವತ್ತೇ ಇದರ ಮುಂದೆ ಕಲ್ಲು ಏರಿಸಿದರೆ ಬಾವಿ ಉಂಟು, ಇಲ್ಲದಿದ್ದರೆ ಇಲ್ಲ ಎಂದ. ಎಲ್ಲರೂ ಅಜ್ಜಿಯನ್ನು ನೋಡಿದರು. ಬಿದ್ದ ಮಣ್ಣು ಎತ್ತುವುದು ಅಗೆಯುವುದಾಗುತ್ತದೆಯೇ?

“ಬಿದ್ದದ್ದು ಭೂಮಿ ತಾನಾಗಿ ಕೊಟ್ಟದ್ದು. ಎತ್ತಿ” ಎಂದರು ಅಜ್ಜಿ.

ಜೀಪು ಬಂದದ್ದು ಆಗ. ದೊಡ್ಡ ಸಾಹೇಬರು ಇಳಿದರು, ಹಿಂದೆ ನಮ್ಮ ಇಂಜಿನಿಯರರು. ಸಾಹೇಬರು ದಂಡೆಗೆ ಬಂದು ಬಗ್ಗಿ ನೋಡಿ, ಬಹಳ ಹೊತ್ತು ಹಾಗೆಯೇ ಬಗ್ಗಿದ್ದರು. ಒಳಗೆ ಮೂವರು ತೆಂಗಿನ ಗೆರಟೆಯಿಂದ ಬಾವಿ ತೋಡುತ್ತಿದ್ದರು.

“ಇದೇನು? ಗುದ್ದಲಿ, ಹಾರೆ ಏನೂ ಇಲ್ವಾ ಇವರ ಹತ್ತಿರ?”

ಹಾರೆ ಹಗ್ಗದ ತುದಿಯಲ್ಲಿ ಕಟ್ಟಿಸಿಕೊಂಡೇ ಸಾಹೇಬರ ಕಾಲ ಬುಡದಲ್ಲಿ ಬಿದ್ದಿತ್ತು. ಇಂಜಿನಿಯರರು ನನ್ನನ್ನು ನೋಡಿದರು, ಬಿಳಿಯಾಗಿ ಕುಳಿತಿದ್ದ ಅವಳನ್ನು ನೋಡಿದರು, ಬಿದ್ದ ಗೋಡೆಯನ್ನು ನೋಡಿದರು. ಮತ್ತೆ ನೆಟ್ಟಗೆ ನಿಂತು ಹೇಳಿದರು:

“ಸರ್, ಈ ಯೋಜನೆಯೊಳಗ ಯಂತ್ರ ಬಳಸಬಾರದು ಅಂತ ನಿಯಮ ಐತಲ್ರಿ. ಈ ಊರಿನ ಮಂದಿ ನಿಯಮಕ್ಕ ಭಾಳ ಅಂಜತಾರ್ರಿ ಸರ್.”

ಸಾಹೇಬರು ನಮ್ಮ ಕಡೆ ತಿರುಗಿದರು. ನಾನು ನನ್ನ ಮೂವತ್ತು ವರ್ಷದ ಗುಮಾಸ್ತಿಕೆಯಲ್ಲಿ ಕಲಿತ ಏಕೈಕ ವಿದ್ಯೆಯನ್ನು ಪ್ರಯೋಗಿಸಿ ಕೈಮುಗಿದೆ.

“ನಿಯಮ ಪಾಲಿಸುವುದು ಒಳ್ಳೆಯದೇ” ಎಂದರು ಸಾಹೇಬರು, ನಿಧಾನವಾಗಿ. “ಆದರೆ ಇಷ್ಟು ಬೇಡ. ಕೈ ಉಪಕರಣ ಬಳಸಬಹುದು. ತಿಳಿಸಿ ಹೇಳಿ ಇವರಿಗೆ.” ಕೆಲಸ ಮುಂದುವರಿಸಲು ಹೇಳಿ ಜೀಪು ಹತ್ತಿದರು. ಹೋಗುವಾಗ ಇಂಜಿನಿಯರರು ಅವಳ ಪಾದದ ಹತ್ತಿರ ಒಂದು ಗಳಿಗೆ ಕುಳಿತು, “ಅಕ್ಕಾರ, ದವಾಖಾನಿಗೆ ತೋರಿಸ್ರಿ, ಖರ್ಚು ಕೊಡಲಿಕ್ಕೆ ಬರ್ತದ” ಎಂದು ಪಿಸುಗುಟ್ಟಿ ಜೀಪಿನ ಹಿಂದೆ ಓಡಿದರು.

ಕತ್ತಲಾಗುವ ಮೊದಲು ಸುತ್ತು ಕೂಡಿತು. ಬಾಗಿಲುಗಳನ್ನು ತೆಗೆದರೆ ಗೋಡೆ ಕುಸಿಯುತ್ತದೆಂದು ಬಾವಿಯಣ್ಣ ಅವುಗಳನ್ನು ಕಲ್ಲಿನ ಹಿಂದೆಯೇ ಬಿಟ್ಟ. ಮರುದಿನ ಅಜ್ಜಿ ಎಣ್ಣೆ, ಅರಸಿನ, ಸೀಗೆಯನ್ನು ಅಂಗಳದ ಬದಲು ಬಾವಿಯ ದಂಡೆಯಲ್ಲಿಟ್ಟು ಭೂಮಿಗೆ ಮೀಯಿಸಿದರು. ಹಾರೆ ಗೀರಿದ ಗೆರೆಯ ಮೇಲೆ ಎಣ್ಣೆಯನ್ನು ಸ್ವಲ್ಪ ಹೆಚ್ಚೇ ಹೊಯ್ದರು. ನಾಲ್ಕನೆಯ ದಿನ ಬಾವಿಯಣ್ಣ ನಡುವಿನಲ್ಲಿ ತನ್ನ ಉಗ್ಗ ತೋಡಲು ಇಳಿದ. ಗಟ್ಟಿ ನೆಲಕ್ಕೆ ಪಿಕ್ಕಾಸು ತಾಗಿ ಕಲ್ಲಿನ ಸದ್ದು ಬಂದ ಮಧ್ಯಾಹ್ನ ನೀರು ಅವನ ಮೊಣಕಾಲಿಗೆ ಬಂತು, ಈ ಸಲ ತಿಳಿಯಾಗಿ.

ಅವಳ ಹೆಸರಿನ ಖಾತೆಗೆ ಕೂಲಿ ಬಂತು, ತಡವಾಗಿಯಾದರೂ. ಮಗಳ ಕಾಲೇಜು ಬಿಡಿಸುವ ಚರ್ಚೆಯನ್ನು ಮುಂದೂಡಿದರು. ಅದು ಹಾಗೆಯೇ ಮುಂದೂಡುತ್ತ ಹೋಗಿ, ಹುಡುಗಿ ಪರೀಕ್ಷೆ ಪಾಸಾಗಿಬಿಟ್ಟಳು. ಮುಂದಿನ ಗ್ರಾಮಸಭೆಗೆ ಹೆಂಗಸರು ಜಗಲಿ ತುಂಬ ಬಂದು ಕೆಲಸ ಕೇಳಿದರು. ತಲೆಗೆ ಬೈರಾಸು ಸುತ್ತಿದವರೂ ಹಿಂದಿನ ಸಾಲಿನಲ್ಲಿದ್ದರು, ಮುಖ ತೆರೆದುಕೊಂಡು. ಮೊದಲ ಬೇಡಿಕೆ ಕೂಲಿಯದ್ದಲ್ಲ, ಕೆಡ್ಡಸಕ್ಕೆ ಕೆಲಸದ ದಿನ ಹಾಕಬಾರದು ಎಂಬುದು. ನಾನು ಅದನ್ನು ನಿರ್ಣಯವಾಗಿ ಬರೆಸಿದೆ. ಮೇಲಿನವರು ಅದನ್ನು ಓದಿ ಏನೆಂದುಕೊಂಡರೋ ನನಗೆ ತಿಳಿಯದು.

ಆ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ನಾನು ಗುಡ್ಡೆಯ ಮನೆಯ ಅಂಗಳದಲ್ಲಿದ್ದಾಗ ಬಾಯಿ ಹತ್ತಿ ಬಂದಳು. ಸೊಂಟದಲ್ಲಿ ಕೊಡಪಾನ. ದಂಡೆಯ ಹತ್ತಿರ ನಿಂತು ಬಾಗಿ ಒಳಗೆ ನೋಡಿದಳು. ಕಲ್ಲುಗಳು ಹೊಟ್ಟೆ ಮುಂದೆ ಮಾಡಿ ಹಾಗೆಯೇ ನಿಂತಿದ್ದವು. ಕೆಳಗೆ, ಸಪೂರದ ಉಗ್ಗದಲ್ಲಿ, ಆಕಾಶದ ಒಂದು ಚೂರು ಅಲುಗುತ್ತಿತ್ತು.

ಗುಡ್ಡೆಯ ಮನೆಯವಳು ಬಾಯಿಯ ಕೈಯಿಂದ ಕೊಡಪಾನ ತೆಗೆದುಕೊಂಡು ಹಗ್ಗ ಇಳಿಸಿದಳು. ಆ ಪಾದ ಮಾತ್ರ ಇನ್ನೂ ಸ್ವಲ್ಪ ವಾಲುತ್ತಿತ್ತು. ತುಂಬಿ ಬಂದದ್ದನ್ನು ಬಾಯಿ ಅಲ್ಲೇ ಬೊಗಸೆಗೆ ಹೊಯ್ದು ಕುಡಿದು, ನಾಲಗೆಯಲ್ಲಿ ಆಡಿಸಿ, ಮುಖ ಸಿಂಡರಿಸಿದಳು.

“ನೀರು ಸ್ವಲ್ಪ ಒಗರು ಉಂಟಲ್ಲ ಮಾರಾಯ್ತಿ?”

“ಹೌದು ಬಾಯಿ” ಎಂದಳು ಅವಳು, ಕೊಡಪಾನವನ್ನು ಎತ್ತಿ ಬಾಯಿಯ ಸೊಂಟಕ್ಕೆ ಕೊಡುತ್ತ. “ನಿಮ್ಮ ಬಾಗಿಲಿನ ರುಚಿ.”